ರಜೆಯಲ್ಲಿ ಹಾಸ್ಟೆಲ್‌ನಲ್ಲೇ ಉಳಿದವರು

ದಸರಾ ರಜೆಯ ನೋಟೀಸು ಹಚ್ಚಿದರೆ ಸಾಕು, ನಮ್ಮ ಹಾಸ್ಟೆಲ್ಲಿನಲ್ಲಿ ಗದ್ದಲ ಶುರುವಾಗುತ್ತಿತ್ತು. ಯಾರ ರೈಲು ಎಷ್ಟು ಹೊತ್ತಿಗೆ, ಯಾರ ಬ್ಯಾಗು ಯಾರು ಕೇಳಿಕೊಂಡಿದ್ದಾರೆ, ಟಿಕೆಟ್ಟಿಗೆ ಯಾರ ಹತ್ತಿರ ಕೈಗಡ ಸಿಗಬಹುದು, ಎಲ್ಲರ ಬಾಯಲ್ಲೂ ಇದೇ ಮಾತು. ಆ ನೋಟೀಸಿನ ಕೊನೆಯ ಸಾಲನ್ನು ಊರಿಗೆ ಹೊರಟವರು ಓದುತ್ತಲೇ ಇರಲಿಲ್ಲ: ‘ರಜೆಯ ಅವಧಿಯಲ್ಲಿ ಮೆಸ್ ಮುಚ್ಚಿರುತ್ತದೆ.’ ಅದನ್ನು ಓದುವವರು ಬೇರೆ ಇದ್ದರು. ಇರಾನ್, ಯೆಮೆನ್, ಕೀನ್ಯಾ, ಸುಡಾನ್‌ಗಳಿಂದ ಬಂದ ಕೆಲವು ಹುಡುಗರು ಬೋರ್ಡಿನ ಮುಂದೆ ನಿಂತು ಆ ಸಾಲು ಓದಿ, ಮಾತಿಲ್ಲದೆ ತಮ್ಮ ಕೋಣೆಗೆ ಹೋಗುತ್ತಿದ್ದರು. ದಸರಾ ನೋಡಲು ಊರೂರುಗಳಿಂದ ಜನ ಮೈಸೂರಿಗೆ ಬರುವ ಆ ದಿನಗಳಲ್ಲೇ, ಅದೇ ಮೈಸೂರಿನ ಒಂದು ಕಟ್ಟಡದಲ್ಲಿ ಇವರು ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ದಿನ ಎಣಿಸುತ್ತಿದ್ದರು.

ನಾನು 1998ರಲ್ಲಿ ಯಾದಗಿರಿ ಹತ್ತಿರದ ಹತ್ತಿಕುಣಿಯಿಂದ ಮೈಸೂರಿಗೆ ಎಂ.ಎಸ್ಸಿ. ಓದಲು ಹೋದವನು. ವಿಷಯ ಸಸ್ಯಶಾಸ್ತ್ರ. ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನೇ ನಾನು ಮೊದಲು. ಮೈಸೂರು ನಮ್ಮದೇ ರಾಜ್ಯದ ಊರು, ಆಡುವುದು ಕನ್ನಡವೇ. ಆದರೂ ನಾನು ಬಾಯಿ ತೆಗೆದರೆ ಸುತ್ತಲಿನವರು ತಿರುಗಿ ನೋಡುತ್ತಿದ್ದರು. ‘ಊಟ ಆಯ್ತೇನ್ರಿ’ ಅಂದರೂ ನಗು, ‘ಹೋಗಲಾಕತ್ತೀನಿ’ ಅಂದರೂ ನಗು. ಕೆಟ್ಟ ಮನಸ್ಸಿನ ನಗುವಲ್ಲ ಅದು. ಆದರೆ ದಿನಾಲೂ ನಗಿಸಿಕೊಂಡವನು ಮೆಲ್ಲಗೆ ಮಾತು ಕಡಿಮೆ ಮಾಡುತ್ತಾನೆ, ಆಮೇಲೆ ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದನ್ನೂ ಬಿಡುತ್ತಾನೆ. ಊಟಕ್ಕೆ ಎರಡು ಹೊತ್ತೂ ಅನ್ನ. ಹೊಟ್ಟೆ ತುಂಬುತ್ತಿತ್ತು, ಉಂಡ ಸಮಾಧಾನ ಇರುತ್ತಿರಲಿಲ್ಲ.

ಸುಡಾನಿನ ಗೆಳೆಯ ನನಗೆ ಹತ್ತಿರವಾದದ್ದು ಈ ಊಟದಿಂದಲೇ. ಅವನ ಹೆಸರು ಬರೆಯುವುದಿಲ್ಲ. ಅವನ ದೇಶ ಇವತ್ತು ಇರುವ ಸ್ಥಿತಿಯಲ್ಲಿ ಹೆಸರು ಬರೆಯದಿರುವುದೇ ಕ್ಷೇಮ. ಅವನ ಊರು ವಾದ್ ಮದನಿ, ಗೆಜೀರಾ ಪ್ರಾಂತ್ಯದ ಮುಖ್ಯ ಪಟ್ಟಣ, ನೀಲಿ ನೈಲ್ ನದಿಯ ದಂಡೆಯ ಮೇಲಿದೆ. ನೀಲಿ ನೈಲ್, ಬಿಳಿ ನೈಲ್ ಎರಡರ ನಡುವಿನ ಆ ಬಯಲಿನಲ್ಲಿ 1925ರಲ್ಲಿ ಸೆನ್ನಾರ್ ಅಣೆಕಟ್ಟು ಕಟ್ಟಿ, ಕಾಲುವೆ ತೆಗೆದು, ಬ್ರಿಟಿಷರು ತಮ್ಮ ಗಿರಣಿಗಳಿಗಾಗಿ ಹತ್ತಿ ಬೆಳೆಸಿದರು. ನೆಲ ಕಪ್ಪು ಎರಿ. ಹತ್ತಿಯ ಜೊತೆಗೆ ಶೇಂಗಾ ಮತ್ತು ಜೋಳ. ಅವನು ಒಂದು ಸಂಜೆ ಮೆಸ್ಸಿನಲ್ಲಿ ತಟ್ಟೆ ಸರಿಸಿ, ತನ್ನೂರಿನ ಹೊಲಗಳನ್ನು ಹೀಗೆ ಒಂದೊಂದಾಗಿ ಹೇಳುತ್ತ ಹೋದಾಗ ನಾನು ನಡುವೆ ತಡೆದು, ‘ಇದು ನಮ್ಮ ಯಾದಗಿರಿ, ಶಹಾಪುರದ ಕಡೆಯ ಸೀಮೆಯಲ್ಲವೇನು’ ಎಂದೆ. ಅವನಿಗೆ ಯಾದಗಿರಿ ಎಂದರೆ ಏನೂ ಗೊತ್ತಿರಲಿಲ್ಲ. ಜೋಳ ಎಂದರೆ ಗೊತ್ತಿತ್ತು. ಇಬ್ಬರೂ ಮೈಸೂರಿನಲ್ಲಿ ಹಂಬಲಿಸುತ್ತಿದ್ದದ್ದು ಒಂದೇ ಕಾಳಿಗಾಗಿ.

ಸಸ್ಯಶಾಸ್ತ್ರದ ವಿದ್ಯಾರ್ಥಿಗಳಾದ್ದರಿಂದ ನಮಗೆ ಅದರ ಹಿಂದಿನ ಕಥೆಯೂ ತಿಳಿಯಿತು. ಜೋಳದ ತವರು ಆಫ್ರಿಕಾದ ಈಶಾನ್ಯ ಭಾಗ, ಮುಖ್ಯವಾಗಿ ಸುಡಾನ್, ಇಥಿಯೋಪಿಯಾ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ಅದು ಸಮುದ್ರ ದಾಟಿ ನಮ್ಮ ದಖ್ಖನ್ನಿಗೆ ಬಂದು ನೆಲೆಯಾಯಿತು. ನಾವು ಪೀಳಿಗೆಗಳಿಂದ ನಮ್ಮದೇ ಎಂದು ಉಂಡ ರೊಟ್ಟಿಯ ಬೀಜ ಅವನ ಸೀಮೆಯಿಂದ ಬಂದದ್ದು. ಅವನ ಮುತ್ತಾತರು ಕಳಿಸಿಕೊಟ್ಟ ಕಾಳನ್ನು ಉಂಡು ಬೆಳೆದ ನಾನು ಅವನಿಗೆ ಒಂದು ಹೊತ್ತಿನ ಊಟ ಹಾಕದಿದ್ದರೆ ಹೇಗೆ ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

ಅವನ ದಿನಗಳು ಹೇಗಿದ್ದವು ಎಂಬುದನ್ನು ಹತ್ತಿರದಿಂದ ನೋಡಿದ್ದರಿಂದ ಹೇಳುತ್ತೇನೆ. ದೇಶಕ್ಕೆ ಬಂದ 14 ದಿನದೊಳಗೆ ಪೊಲೀಸ್ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಕಾಲೇಜಿನ ಪತ್ರ, ವಾಸದ ಪತ್ರ, ಫೋಟೋಗಳು. ಒಂದು ಪತ್ರಕ್ಕೆ ಇನ್ನೊಂದು ಪತ್ರ ಬೇಕು. ಆ ಇನ್ನೊಂದನ್ನು ಕೊಡುವವರು ರಜೆಯಲ್ಲಿರುತ್ತಾರೆ. ಹಾಸ್ಟೆಲ್ಲಿನಲ್ಲಿ ಜಾಗ ಸಿಗದವರು ಬಾಡಿಗೆ ಕೋಣೆ ಹುಡುಕುತ್ತ ಬೀದಿ ಬೀದಿ ಅಲೆಯುತ್ತಿದ್ದರು. ಗೇಟಿನ ಹತ್ತಿರ ತೂಗು ಹಾಕಿದ ‘ಬಾಡಿಗೆಗೆ ಇದೆ’ ಬೋರ್ಡು ಇವರ ಮುಖ ಕಂಡ ಕೂಡಲೇ ‘ನಿನ್ನೆಯೇ ಕೊಟ್ಟುಬಿಟ್ಟೆವು’ ಆಗುತ್ತಿತ್ತು. ಅರ್ಧ ಗಂಟೆ ಬಿಟ್ಟು ನಾನು ಹೋಗಿ ಕೇಳಿದರೆ ಅದೇ ಕೋಣೆ ಖಾಲಿ ಇರುತ್ತಿತ್ತು. ಮನೆಯಿಂದ ಬರುವ ಹಣ ಬ್ಯಾಂಕು ಬ್ಯಾಂಕು ದಾಟಿ ತಿಂಗಳು ತಡವಾಗುತ್ತಿತ್ತು. ಪರೀಕ್ಷೆಯ ಶುಲ್ಕಕ್ಕೆ ಮಾತ್ರ ಕೊನೆಯ ದಿನ ಎಂಬುದು ಇರುತ್ತಿತ್ತು. ಪಾಠ ಇಂಗ್ಲಿಷಿನಲ್ಲಿ ಶುರುವಾಗಿ, ಕಷ್ಟದ ಜಾಗ ಬಂದಾಗ ಕನ್ನಡಕ್ಕೆ ಹೊರಳುತ್ತಿತ್ತು. ನಮಗೆ ಅದು ಉಪಕಾರ. ಅವನು ಆ ಹೊತ್ತಿನಲ್ಲಿ ಪೆನ್ನು ಕೆಳಗಿಟ್ಟು ಕಿಟಕಿ ಕಡೆ ನೋಡುತ್ತಿದ್ದ.

ಇವೆಲ್ಲಕ್ಕಿಂತ ದೊಡ್ಡದು ಮನೆಯ ಸುದ್ದಿ. ಮೊಬೈಲ್ ಇರಲಿಲ್ಲ. ಐಎಸ್‌ಡಿ ಬೂತಿನಲ್ಲಿ ಮೀಟರು ಓಡುವ ವೇಗಕ್ಕೆ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಪತ್ರ ಬರಲು ವಾರಗಳು ಬೇಕು. ಮೊದಲ ವರ್ಷದ ಕೊನೆಗೆ ಅವನಿಗೊಂದು ಪತ್ರ ಬಂತು. ಅವನ ತಂದೆ ತೀರಿಹೋಗಿದ್ದರು. ಪತ್ರ ಕೈ ಸೇರುವ ಹೊತ್ತಿಗೆ ಅಲ್ಲಿ ಮಣ್ಣು, ದಿನಕರ್ಮ ಎಲ್ಲ ಮುಗಿದಿತ್ತು. ಅವನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಪ್ರಾಕ್ಟಿಕಲ್ ಮುಗಿಸಿದ. ಸಂಜೆ ಮೆಸ್ಸಿನಲ್ಲಿ ಬಡಿಸುವ ಅಣ್ಣ, ‘ಯಾಕೆ ಸಾರ್, ಇವತ್ತು ತಟ್ಟೆನೇ ಮುಟ್ಟಿಲ್ಲ?’ ಎಂದು ಕೇಳಿದಾಗಲೇ ಮಾತು ಹೊರಬಿತ್ತು. ಆ ಅಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇವನಿಗೆ ಕನ್ನಡ ಬರುತ್ತಿರಲಿಲ್ಲ. ಅಣ್ಣ ಒಳಗೆ ಹೋಗಿ ಬಿಸಿ ಹಾಲು ತಂದು ಮುಂದಿಟ್ಟು, ಅವನು ಕುಡಿಯುವ ತನಕ ಪಕ್ಕದಲ್ಲೇ ಕೂತ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಆ ಹುಡುಗನ ತಟ್ಟೆಯನ್ನು ಗಮನಿಸಿದವನು ಒಬ್ಬ ಬಡಿಸುವವನು. ಗಮನಿಸುವುದು ಯಾರ ಕೆಲಸವೆಂದೂ ಅಲ್ಲಿ ಬರೆದಿರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರು ವರ್ಷ, 1999ರ ದಸರಾಕ್ಕೆ, ಅವನನ್ನು ಊರಿಗೆ ಕರೆದುಕೊಂಡು ಹೋದೆ. ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಗುಂತಕಲ್, ರಾಯಚೂರು ದಾಟಿ ಬೆಳಿಗ್ಗೆ ಯಾದಗಿರಿಗೆ ಇಳಿದೆವು. ಕೃಷ್ಣೆಯನ್ನು ದಾಟುವಾಗ ಅವನು ಬಾಗಿಲಲ್ಲೇ ನಿಂತಿದ್ದ. ಸ್ಟೇಷನ್ನಿನಿಂದ ನೇರ ಪೊಲೀಸ್ ಠಾಣೆಗೆ ಹೋದೆವು. ಹೊರದೇಶದವರು ಮನೆಗೆ ಬಂದರೆ ಠಾಣೆಗೆ ತಿಳಿಸಿಬಿಡಿ ಎಂದು ಹಾಸ್ಟೆಲ್ಲಿನ ವಾರ್ಡನ್ ಹೇಳಿ ಕಳಿಸಿದ್ದರು. ಠಾಣೆಯ ಜಮಾದಾರರು ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿ, ವಿಳಾಸ ಬರೆದುಕೊಂಡು, ಕೊನೆಗೆ ಕೇಳಿದ್ದು ಒಂದೇ: ‘ಇವ್ರು ನಮ್ಮ ಕಡಿ ಖಾರ ತಿಂತಾರೇನ್ರಿ?’ ತಿಂತಾನ ಎಂದೆ. ‘ಹಂಗಾದ್ರ ಚಿಂತಿ ಇಲ್ಲ, ಕರ್ಕೊಂಡು ಹೋಗ್ರಿ’ ಎಂದು ಚಹಾ ತರಿಸಿದರು.

ಮನೆಯಲ್ಲಿ ಅವ್ವನಿಗೆ ಮೊದಲೇ ಕಾಗದ ಬರೆದು ತಿಳಿಸಿದ್ದೆ. ಆದರೂ ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಾಗ ಅವಳು ಒಂದು ಗಳಿಗೆ ಸುಮ್ಮನೆ ನಿಂತಳು. ಅಷ್ಟು ಎತ್ತರದ ಹುಡುಗನನ್ನು ಆ ಮನೆ ಕಂಡಿರಲಿಲ್ಲ. ಆಮೇಲೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ನನ್ನ ಕಡೆ ತಿರುಗಿ ಕೇಳಿದಳು: ‘ಇವರವ್ವ ಅಷ್ಟು ದೂರ ಹೆಂಗ ಬಿಟ್ಟಿರ್ತಾಳ? ಅಕಿ ಹೆಂಗದಾಳ ಕೇಳು.’ ಮೈಸೂರಿಗೆ ಬಂದ ಮೇಲೆ ಅವನ ತಾಯಿಯ ಬಗ್ಗೆ ಹೀಗೆ ಯಾರೂ ಕೇಳಿರಲಿಲ್ಲ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ದಾಟಿಸಿದೆ. ಅವನು ತಡವರಿಸಿ ಉತ್ತರ ಕೊಟ್ಟ. ಇಬ್ಬರ ಮಾತೂ ನನ್ನ ಮೂಲಕ ಹೋಗಿ ಬರುತ್ತ, ಸ್ವಲ್ಪ ಹೊತ್ತಿಗೆ ನಾನು ನಡುವೆ ಇರುವುದನ್ನೇ ಇಬ್ಬರೂ ಮರೆತರು.

ಮುತ್ಯಾನಿಗೆ, ಅಂದರೆ ನನ್ನ ಅಜ್ಜನಿಗೆ, ಅವನು ಯಾವ ದೇಶದವನು ಎಂಬುದಕ್ಕಿಂತ ಅವರ ಹೊಲ ಎಷ್ಟು, ಎತ್ತು ಇದಾವೋ ಇಲ್ಲವೋ ಎಂಬುದೇ ಮುಖ್ಯವಾಗಿತ್ತು. ಹೊಲಕ್ಕೆ ಕರೆದುಕೊಂಡು ಹೋದರು. ಹತ್ತಿ ಆಗ ಬಿಚ್ಚಲು ಶುರುವಾಗಿತ್ತು. ಅವನು ಒಂದು ಕಾಯಿ ಕಿತ್ತು, ಅರಳೆಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು, ಎಳೆಯ ಉದ್ದ ನೋಡಿದ. ನೋಡಿ, ‘ಗೆಜೀರಾದ ಹತ್ತಿಯ ಎಳೆ ಇದಕ್ಕಿಂತ ಉದ್ದ’ ಎಂದ. ಮುತ್ಯಾ ಅವನ ಕೈಯನ್ನೇ ನೋಡುತ್ತಿದ್ದರು. ‘ಇಂವ ಒಕ್ಕಲಿಗರ ಮಗನೇ ಅದಾನ’ ಎಂದು ತೀರ್ಪು ಕೊಟ್ಟರು. ಅಲ್ಲಿಂದ ಹತ್ತಿಕುಣಿ ಡ್ಯಾಮಿನ ಕಡೆ ನಡೆದೆವು. ಮಳೆಗಾಲ ಮುಗಿದು ನೀರು ನಿಂತಿತ್ತು, ಸುತ್ತ ಗುಡ್ಡ ಹಸಿರಾಗಿತ್ತು. ದಾರಿಯ ಬದಿಯ ಬಳ್ಳಾರಿ ಜಾಲಿಯನ್ನು ಕಂಡು ಅವನು ನಿಂತೇಬಿಟ್ಟ. ಎಲ್ಲಿಂದಲೋ ತಂದು ನೆಟ್ಟ ಈ ಗಿಡ ಅವನ ದೇಶದಲ್ಲೂ ಹೊಲ, ಕಾಲುವೆ ನುಂಗಿ ರೈತರ ನಿದ್ದೆ ಕೆಡಿಸಿದೆಯಂತೆ. ಒಂದೇ ಮುಳ್ಳು ತುಳಿದವರು ನಾವು ಎಂದು ಮಾತಾಡಿಕೊಂಡೆವು.

ಊಟದ ಹೊತ್ತಿಗೆ ಅವ್ವ ಎಸರು ಕುದಿಸಿ, ಜೋಳದ ಹಿಟ್ಟಿಗೆ ಹೊಯ್ದು ನಾದಿ, ರೊಟ್ಟಿ ಬಡಿಯತೊಡಗಿದಳು. ಅವನು ಒಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೊದಲ ತುತ್ತು ಬಾಯಿಗಿಟ್ಟು ಅವನು ಕಣ್ಣು ಮುಚ್ಚಿದ್ದನ್ನು ಅವ್ವ ನೋಡಿದಳು, ಎರಡನೇ ರೊಟ್ಟಿ ಕೇಳದೇ ತಟ್ಟೆಗೆ ಬಿತ್ತು. ಪುಂಡಿಯ ಹುಳಿ ಅವನಿಗೆ ಹೊಸದಲ್ಲ. ಅದೇ ಜಾತಿಯ ಗಿಡದ ಹೂವಿನ ಬುಡದ ಕೆಂಪು ಪುಷ್ಪಪತ್ರ ಒಣಗಿಸಿ ಕುದಿಸಿ ಅವರು ಕರ್ಕದೆ ಎಂಬ ಪಾನಕ ಮಾಡುತ್ತಾರೆ, ಮದುವೆ ಮನೆಯಲ್ಲೂ ಅದು ಬೇಕು. ಎರಡು ದಿನ ಬಿಟ್ಟು ಅವನೇ ಅವ್ವನ ಹತ್ತಿರ ಜೋಳದ ಹಿಟ್ಟು ಕೇಳಿ, ನೀರಲ್ಲಿ ಕಲಸಿ, ರಾತ್ರಿಯಿಡೀ ಹುಳಿಯಾಗಲು ಬಿಟ್ಟ. ಬೆಳಿಗ್ಗೆ ನಮ್ಮ ರೊಟ್ಟಿಯ ಹಂಚಿಗೆ ಎಣ್ಣೆ ಸವರಿ, ತೆಳ್ಳಗಿನ ಹಿಟ್ಟು ಹೊಯ್ದು, ಮಡಚಿದ ರಟ್ಟಿನ ತುಂಡಿನಿಂದ ಸರ್ರನೆ ಎಳೆದ. ಅದೇ ಅವರ ಕಿಸ್ರಾ. ಮೊದಲ ಎರಡು ಹರಿದುಹೋದವು. ಮೂರನೆಯದು ಕಾಗದದಷ್ಟು ತೆಳುವಾಗಿ ಎದ್ದು ಬಂತು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಪಕ್ಕದ ಮನೆ ಕಾಕಿ ಒಂದು ಚೂರು ಬಾಯಿಗೆ ಹಾಕಿಕೊಂಡು, ‘ಅಂಬಲಿನೇ ಹಂಚಿಗಿ ಹಾಕ್ಯಾನಲ್ಲವ್ವ’ ಎಂದಳು. ಅದು ಸರಿಯಾದ ಮಾತು.

ವಿಜಯದಶಮಿಯ ಸಂಜೆ ಊರಿನ ಹಿರಿಯರು ಕಿರಿಯರೆಲ್ಲ ಮನೆ ಮನೆಗೆ ಹೋಗಿ ಬನ್ನಿ ಕೊಡುವ ಪದ್ಧತಿ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಎಲೆ ಕೊಟ್ಟು, ಚಿಕ್ಕವರು ಕಾಲು ಮುಟ್ಟುತ್ತಾರೆ, ಸಮವಯಸ್ಕರು ಅಪ್ಪಿಕೊಳ್ಳುತ್ತಾರೆ. ಅವನ ಕೈಯಲ್ಲೂ ಬನ್ನಿ ಎಲೆ ಕೊಟ್ಟು ಜೊತೆಗೆ ಕರೆದುಕೊಂಡು ಹೋದೆ. ಎರಡನೇ ಮನೆಯ ಹೊತ್ತಿಗೆ ಆ ಮಾತನ್ನು ಅವನೇ ಹೇಳಲು ಕಲಿತಿದ್ದ. ಹೇಳುವ ರೀತಿಗೆ ಜನ ನಕ್ಕರು. ಅವನೂ ನಕ್ಕ. ಮೈಸೂರಿನಲ್ಲಿ ನನ್ನ ಮಾತಿಗೆ ಬೀಳುತ್ತಿದ್ದ ನಗು ನೆನಪಾಗಿ ಯೋಚಿಸಿದೆ. ಇಲ್ಲಿ ನಕ್ಕವರು ನಕ್ಕ ಮೇಲೆ ‘ಬಾ ತಮ್ಮಾ, ಕುಂದರು’ ಎನ್ನುತ್ತಿದ್ದರು. ಕೂರಿಸಿಕೊಂಡು ನಕ್ಕರೆ ಆ ನಗು ಯಾರನ್ನೂ ಹೊರಗೆ ಹಾಕುವುದಿಲ್ಲ.

ಮೈಸೂರಿಗೆ ಮರಳಿದ ಮೇಲೆ ಅವನ ಕಷ್ಟಗಳೇನೂ ಮಾಯವಾಗಲಿಲ್ಲ. ಹಣ ಹಾಗೆಯೇ ತಡವಾಗುತ್ತಿತ್ತು, ನೋಂದಣಿಗೆ ಅಲೆದಾಟ ಇದ್ದೇ ಇತ್ತು. ಆದರೆ ಅವನು ಕ್ಲಾಸಿನಲ್ಲಿ ಕೈ ಎತ್ತಿ, ‘ಸರ್, ಈಗ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ’ ಎಂದು ಕೇಳತೊಡಗಿದ. ಅವನನ್ನು ನೋಡಿ ನಾನೂ ಬಾಯಿ ಬಿಟ್ಟೆ. ತನ್ನನ್ನು ಕಾಯುವ ಒಂದು ಮನೆ ಈ ನೆಲದಲ್ಲಿ ಇದೆ ಎಂದು ಗೊತ್ತಾದವನಿಗೆ ಬರುವ ಧೈರ್ಯ ಅದು. ಅವ್ವ ಅಲ್ಲಿಂದ ಮುಂದೆ ನನಗೆ ರೊಟ್ಟಿ ಕಟ್ಟಿ ಕಳಿಸುವಾಗಲೆಲ್ಲ ಎರಡು ಗಂಟು ಕಳಿಸುತ್ತಿದ್ದಳು.

ಆಮೇಲೆ ನಾನು ಮೇಷ್ಟರಾದೆ. ಬೆಂಗಳೂರಿನ ಅಂಚಿನ ಕಾಲೇಜೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಮ್ಮ ರಾಜ್ಯಕ್ಕೆ ಹೊರದೇಶದ ವಿದ್ಯಾರ್ಥಿಗಳು ಹೊಸಬರಲ್ಲ. 1950ರಲ್ಲಿ ಮೌಲಾನಾ ಆಜಾದರು ಹುಟ್ಟುಹಾಕಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನ ಪಡೆದು ಎಷ್ಟೋ ಮಂದಿ ಬಂದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1964ರಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಏಷ್ಯಾ, ಆಫ್ರಿಕಾದವರಿಗೆ ಆಹಾರ ತಂತ್ರಜ್ಞಾನದ ತರಬೇತಿ ಶುರುಮಾಡಿತ್ತು. ಕೇಂದ್ರ ಶಿಕ್ಷಣ ಇಲಾಖೆಯ 2019–20ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 168 ದೇಶಗಳ 49,348 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಹೆಚ್ಚು ಮಂದಿ ಓದುತ್ತಿದ್ದ ರಾಜ್ಯ ಕರ್ನಾಟಕ. ಹೆಚ್ಚು ಬಂದದ್ದು ನೇಪಾಳದವರು, ನಂತರ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ್, ಸುಡಾನ್. ದೊಡ್ಡ ದೇಶಗಳ ಸಿರಿವಂತ ಮಕ್ಕಳು ಇವರಲ್ಲ. ಹೊಲ ಅಡವಿಟ್ಟು, ಅಣ್ಣನ ಸಂಬಳ ನಂಬಿ ಬಂದವರೇ ಬಹಳ. ನಮ್ಮ ಯಾದಗಿರಿಯ ಹುಡುಗರು ಬೆಂಗಳೂರಿಗೆ ಬರುವುದೂ ಹೀಗೆಯೇ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆ ನಡೆದದ್ದು ನಮ್ಮಂಥವರನ್ನೆಲ್ಲ ಅಲ್ಲಾಡಿಸಿತು. ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಅವಳು ಬಂದ ಕಾರಿಗೆ ಬೆಂಕಿ ಇಟ್ಟಿತು. ಸತ್ತವರ ಮನೆಯ ದುಃಖ ದೊಡ್ಡದು. ಆದರೆ ಆ ಹುಡುಗಿ ಮಾಡಿದ ತಪ್ಪು, ಗುಂಪಿನ ಕಣ್ಣಿಗೆ ಆಫ್ರಿಕಾದವರೆಲ್ಲ ಒಬ್ಬರೇ ಆಗಿ ಕಂಡದ್ದು. ಮರುದಿನ ನಮ್ಮ ಕಾಲೇಜಿನ ಆಫ್ರಿಕಾದ ಮಕ್ಕಳು ಯಾರೂ ಹೊರಗೆ ಕಾಲಿಡಲಿಲ್ಲ. ಪಕ್ಕದ ಅಂಗಡಿಗೆ ಹೋಗಲೂ ಹೆದರಿದ್ದರು. ಅವರ ಕೋಣೆಗಳಿಗೆ ಹಾಲು, ಬ್ರೆಡ್ಡು ಹೊತ್ತುಕೊಂಡು ಹೋದವರು ಯಾರೆಂದರೆ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ನಮ್ಮ ಹುಡುಗರು. ಯಾರೂ ಹೇಳಿರಲಿಲ್ಲ.

ನನ್ನ ಕೆಲಸಕ್ಕೆ ದಾರಿ ಸಿಕ್ಕಿದ್ದು ಅವರಿಂದ. ಹೊರದೇಶದಿಂದ ಬಂದ ಪ್ರತಿ ವಿದ್ಯಾರ್ಥಿಗೆ ಮೊದಲ ತಿಂಗಳು ದೂರದ ಜಿಲ್ಲೆಯ ಒಬ್ಬ ಕನ್ನಡ ವಿದ್ಯಾರ್ಥಿಯನ್ನು ಜೊತೆ ಮಾಡಿದೆವು. ಬೆಂಗಳೂರಿನವರನ್ನು ಬೇಕೆಂದೇ ಬಿಟ್ಟೆವು. ಊರು ಬಿಟ್ಟು ಬಂದ ಸಂಕಟ ಗೊತ್ತಿದ್ದವನಿಗೆ ಇನ್ನೊಬ್ಬನ ಸಂಕಟ ಹೇಳಿಕೊಡಬೇಕಾಗಿಲ್ಲ. ಸಿಮ್ ಕೊಳ್ಳುವುದು, ಬ್ಯಾಂಕಿನಲ್ಲಿ ಖಾತೆ ತೆರೆಯುವುದು, ಬಿಎಂಟಿಸಿ ಬಸ್ಸಿನ ನಂಬರು, ಆಟೋದವನ ಜೊತೆ ಮಾತು, ಎಲ್ಲ ಇಬ್ಬರೂ ಜೊತೆಗೆ ಕಲಿತರು. ಇನ್ನೊಂದು ಲಾಭವನ್ನು ನಾವು ಎಣಿಸಿರಲಿಲ್ಲ. ಇಂಗ್ಲಿಷ್ ಮಾತಾಡಲು ಹೆದರುತ್ತಿದ್ದ ನಮ್ಮ ಕಡೆಯ ಹುಡುಗರ ನಾಲಗೆಯೂ ಸಡಿಲವಾಯಿತು.

ಕಾಗದಪತ್ರದ ಕೆಲಸವನ್ನು ವಿದ್ಯಾರ್ಥಿಯ ತಲೆಯಿಂದ ಇಳಿಸಿ ಕಚೇರಿಯ ಮೇಜಿಗೆ ತಂದೆವು. ವಿದೇಶಿಯರು ವಾಸಕ್ಕೆ ಬಂದರೆ ಹಾಸ್ಟೆಲ್ಲು 24 ಗಂಟೆಯೊಳಗೆ ‘ಸಿ’ ಫಾರಂ ತುಂಬಬೇಕಿತ್ತು. ಯಾವುದು ನಮ್ಮ ಕೆಲಸವೋ ಅದರ ತಡಕ್ಕೆ ವಿದ್ಯಾರ್ಥಿ ದಂಡ ಕಟ್ಟಬಾರದು ಎಂದು ಒಬ್ಬ ಗುಮಾಸ್ತರನ್ನೇ ಅದಕ್ಕೆ ನೇಮಿಸಿದೆವು. 2018ರಿಂದ ನೋಂದಣಿ, ವೀಸಾ ವಿಸ್ತರಣೆ ಆನ್‌ಲೈನ್ ಆದ ಮೇಲೆ ಅಲೆದಾಟ ಎಷ್ಟೋ ತಗ್ಗಿದೆ. ಬಾಡಿಗೆ ಮನೆಗೆ ಹೋಗುವವರ ಜೊತೆ ಕಾಲೇಜಿನ ಒಬ್ಬರು ಹೋಗಿ, ಮಾಲೀಕರ ಜೊತೆ ಕೂತು, ನಮ್ಮ ಫೋನ್ ನಂಬರು ಕೊಟ್ಟು ಬರುವುದೆಂದಾಯಿತು. ಮನೆ ಕೊಡಲು ಹಿಂಜರಿಯುವವರಲ್ಲಿ ಬಹಳ ಮಂದಿಗೆ ಇರುವುದು ಅಂಜಿಕೆ. ‘ಏನಾದರೂ ಆದರೆ ಯಾರನ್ನು ಕೇಳಲಿ’ ಎಂಬ ಅಂಜಿಕೆ. ಕೇಳಲು ಒಬ್ಬರು ಸಿಕ್ಕರೆ ಬಾಗಿಲು ತೆರೆಯುತ್ತದೆ. ರಜೆಯಲ್ಲಿ ಉಳಿಯುವವರ ಪಟ್ಟಿ ಮೊದಲೇ ಮಾಡಿ ಅಡುಗೆಯವರಿಗೆ ಪಾಳಿ ಹಾಕಿದೆವು. ಖರ್ಚು ಹೆಚ್ಚೇನೂ ಬರಲಿಲ್ಲ. ಬೇಕಾದದ್ದು ಕೇಳುವ ಮನಸ್ಸು ಮಾತ್ರ.

ಮನಸ್ಸಿನ ಕಾಯಿಲೆಯ ಮಾತು ಎತ್ತುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ನಿದ್ದೆ ಬಾರದ, ಕೋಣೆ ಬಿಟ್ಟು ಹೊರಗೆ ಬಾರದ ಮಕ್ಕಳು ‘ತಲೆನೋವು’ ಎಂದಷ್ಟೇ ಹೇಳುತ್ತಾರೆ. ತನಗೆ ಹುಚ್ಚು ಎಂದು ಊರಿಗೆ ಸುದ್ದಿ ಹೋದರೆ, ವೀಸಾಕ್ಕೆ ತೊಂದರೆಯಾದರೆ ಎಂಬ ಭಯ. ಅದಕ್ಕೇ ‘ಹೇಗಿದ್ದೀಯ’ ಎಂಬ ಪ್ರಶ್ನೆಯ ಬದಲು ‘ನಿನ್ನೆ ರಾತ್ರಿ ಏನು ಉಂಡೆ, ಎಷ್ಟು ಹೊತ್ತಿಗೆ ಮಲಗಿದೆ’ ಎಂದು ಕೇಳುವುದನ್ನು ನಮ್ಮ ಮೇಷ್ಟರುಗಳು ರೂಢಿ ಮಾಡಿಕೊಂಡರು. ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. ಮಾನಸಿಕ ಆರೋಗ್ಯದ ಸಂಸ್ಥೆ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿ ತೆರೆದಿದೆ. 14416 ಎಂಬ ಆ ನಂಬರನ್ನು ಹಾಸ್ಟೆಲ್ಲಿನ ಪ್ರತಿ ಬಾಗಿಲ ಹಿಂದೆ ಅಂಟಿಸಿದ್ದೇವೆ.

ನಮ್ಮ ಮಕ್ಕಳೂ ಪರದೇಶಕ್ಕೆ ಓದಲು ಹೋಗುವವರೇ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಹೋದವನು ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟ. ವೈದ್ಯನಾಗಲು ಹೋದ ಹುಡುಗ. 21ರಂದು ಅವನ ದೇಹ ಊರಿಗೆ ಬಂತು, ತಂದೆ ತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ವಾರ ನಮ್ಮ ಕಾಲೇಜಿನ ಅಫ್ಘಾನ್ ವಿದ್ಯಾರ್ಥಿಗಳು ನನ್ನ ಕೋಣೆಗೆ ಬಂದು ಕೂತರು. ಆರು ತಿಂಗಳ ಹಿಂದೆ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ನಾವು ಅವರ ಜೊತೆ ಕೂತಿದ್ದೆವು, ಈಗ ಅವರು ನಮ್ಮ ಜೊತೆ ಕೂರಲು ಬಂದಿದ್ದರು. ಪರದೇಶದಲ್ಲಿ ಓದುವ ಮಗನ ಬಗ್ಗೆ ಚಳಗೇರಿಯ ತಾಯಿಗೆ ಇದ್ದ ಚಿಂತೆಯೂ ಕಾಬೂಲಿನ ತಾಯಿಗೆ ಇರುವ ಚಿಂತೆಯೂ ಒಂದೇ ಎಂದು ಆ ದಿನ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮರು ವರ್ಷ ಸರದಿ ನನ್ನ ಗೆಳೆಯನದು. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಅರೆಸೇನಾ ಪಡೆಗೂ ಖಾರ್ತೂಮ್‌ನಲ್ಲಿ ಯುದ್ಧ ಹತ್ತಿತು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್, ಜೆದ್ದಾ ಮೂಲಕ ಭಾರತೀಯರನ್ನು ಕರೆತರುತ್ತಿದ್ದರು. ವಾದ್ ಮದನಿಯಿಂದ ಗೆಳೆಯನ ಫೋನು ಬಂತು. ಅವನು ಕ್ಷೇಮವೇ ಎಂದು ನಾನು ಕೇಳುವ ಮೊದಲೇ ಅವನು ಹೇಳಿದ: ‘ಖಾರ್ತೂಮ್‌ನಿಂದ ಜನ ಈ ಕಡೆ ಬರುತ್ತಿದ್ದಾರೆ. ನಿಮ್ಮ ಕಡೆಯವರು ಯಾರಾದರೂ ಮದನಿಗೆ ಬಂದರೆ ನನ್ನ ಮನೆಗೆ ಕಳಿಸು. ಜಾಗ ಇದೆ, ಹಿಟ್ಟು ಇದೆ.’ ಯುದ್ಧ ನೆತ್ತಿಯ ಮೇಲಿದ್ದವನ ಮಾತು ಅದು. ಹತ್ತಿಕುಣಿಯಲ್ಲಿ ಅವ್ವ ಹಾಕಿದ ಊಟಕ್ಕೆ ಅವನು ಕೊಟ್ಟ ಉತ್ತರ. ಆ ವರ್ಷದ ಡಿಸೆಂಬರಿನಲ್ಲಿ ಯುದ್ಧ ಮದನಿಗೂ ಬಂತು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು, ಮನೆ ಬಿಟ್ಟು, ಸುತ್ತಿ ಬಳಸಿ ಕೈರೋ ಸೇರಿದ. ಮದನಿಯನ್ನು ಸೇನೆ 2025ರ ಜನವರಿಯಲ್ಲಿ ಮರಳಿ ಹಿಡಿದರೂ ಅವನು ಇನ್ನೂ ವಾಪಸ್ಸು ಹೋಗಿಲ್ಲ.

ಅವನ ದೊಡ್ಡ ಮಗಳ ಓದು ನಡುವೆಯೇ ನಿಂತಿದೆ. ಅವಳನ್ನು ಕರ್ನಾಟಕಕ್ಕೆ ಕಳಿಸಬೇಕೆಂದು ಅವನ ಆಸೆ. ಫೋನಿನಲ್ಲಿ ಅವನು ಕಾಲೇಜಿನ ಹೆಸರು, ಲ್ಯಾಬು, ಕಟ್ಟಡದ ಬಗ್ಗೆ ಏನೂ ಕೇಳಲಿಲ್ಲ. ನಡುರಾತ್ರಿ ವಿಮಾನ ಇಳಿದರೆ ಕರೆದುಕೊಳ್ಳಲು ಯಾರು ಬರುತ್ತಾರೆ, ಜ್ವರ ಬಂದರೆ ಯಾರಿಗೆ ಹೇಳಬೇಕು, ರಜೆಯಲ್ಲಿ ಎಲ್ಲಿರುತ್ತಾಳೆ ಎಂಬ ಮೂರೇ ಪ್ರಶ್ನೆ ಕೇಳಿದ. ನಮ್ಮಲ್ಲಿ ಓದಿ ಹೋದ ಮನುಷ್ಯನಿಗೆ ಏನು ಕೇಳಬೇಕೆಂದು ಗೊತ್ತಿದೆ. ಮೂರು ಹೆಸರು, ಮೂರು ಫೋನ್ ನಂಬರು ಕಳಿಸಿದ್ದೇನೆ. ಮೂರನೆಯದು ಹತ್ತಿಕುಣಿಯ ಮನೆಯದು. ಈಗ ಆ ಮನೆಯಲ್ಲಿ ರೊಟ್ಟಿ ಬಡಿಯುವವಳು ನನ್ನ ತಮ್ಮನ ಹೆಂಡತಿ.

ಹೊರದೇಶದ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅವರಿಗಾಗಿಯೇ ಒಂದು ಕಚೇರಿ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದು ಒಳ್ಳೆಯದೇ. ಆದರೆ ಕಚೇರಿಯ ಬಾಗಿಲಿಗೆ ಬೋರ್ಡು ಹಾಕಿದ ಮಾತ್ರಕ್ಕೆ ಅದು ಕಚೇರಿಯಾಗುವುದಿಲ್ಲ. ಪರದೇಶದ ಮಕ್ಕಳನ್ನು ಸೇರಿಸಿಕೊಳ್ಳಲು ಹೊರಟ ಯಾವ ಕಾಲೇಜಿಗೂ ನಾನು ಹೇಳುವುದು ಇಷ್ಟೇ: ಆ ತಂದೆ ಕೇಳಿದ ಮೂರು ಪ್ರಶ್ನೆಗಳಿಗೆ ಮೂರು ಮನುಷ್ಯರ ಹೆಸರು ಬರೆದುಕೊಡಿ. ಬರೆದುಕೊಡಲು ಆಗದಿದ್ದರೆ ಆ ಮಕ್ಕಳಿಂದ ಶುಲ್ಕ ಕಟ್ಟಿಸಿಕೊಳ್ಳಬೇಡಿ.